ರಾತ್ರಿ ಡ್ಯೂಟಿಯ ಮಗಳಿಗೆ

ಧಾರವಾಡ



ಮೊನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಿನ್ನ ಹಿಂದೆ ಆಸ್ಪತ್ರೆಯ ವಾರ್ಡಿನ ಗದ್ದಲ ಕೇಳಿಸುತ್ತಿತ್ತು, ಅವಸರದಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ ಇದು. ಕಾಗದವಾದರೆ ಬಿಡುವಾದಾಗ ಓದುತ್ತೀ, ಬೇಕೆನಿಸಿದರೆ ಇನ್ನೊಮ್ಮೆ ಓದುತ್ತೀ.

"ಅತ್ತಿ, ಪ್ರಾರ್ಥನಾಕ್ಕ ಕುಂತ್ರ ಏನೂ ಅನಸೂದಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದ್ರ ನಿದ್ದಿ, ಇಲ್ಲಂದ್ರ ಬರೇ ವಿಚಾರ. ದೇವರಿಂದ ದೂರ ಆಗೇನೇನೋ" ಅಂದೆಯಲ್ಲ, ಆ ಮಾತು ನನ್ನನ್ನು ಬಿಟ್ಟಿಲ್ಲ. ಮಗಳೇ, ಪ್ರಾರ್ಥನೆಯಲ್ಲಿ ಏನು ಅನಿಸಿತು ಎಂಬುದರ ಮೇಲೆ ದೇವರು ಹತ್ತಿರವೋ ದೂರವೋ ಎಂದು ಅಳೆಯುವುದನ್ನು ಬಿಟ್ಟುಬಿಡು. ಕನ್ವೆನ್ಷನ್ನಿಗೆ ಹೋಗಿಬಂದ ವಾರ ಮನಸ್ಸು ತುಂಬಿ ಬರುತ್ತದೆ, ಹಾಡುವಾಗ ಕಣ್ಣೀರು ಬರುತ್ತದೆ. ಅದು ದೇವರು ಕೊಟ್ಟದ್ದೇ, ಸಂತೋಷದಿಂದ ತೆಗೆದುಕೋ. ಮುಂದಿನ ವಾರ ಅದು ಇಲ್ಲದಿದ್ದರೆ ಅಂಜಬೇಡ. ನಮ್ಮ ಎರೆ ಹೊಲ ನೀನು ನೋಡಿದ್ದೀ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಿದ್ದಿರುತ್ತದೆ, ಆದರೂ ಒಕ್ಕಲಿಗ ಹರಗಿ ಇಟ್ಟಿರುತ್ತಾನೆ. ಮಳೆ ತರಿಸುವುದು ಅವನ ಕೈಯಲ್ಲಿಲ್ಲ, ಹೊಲ ಹದ ಮಾಡಿಡುವುದು ಅವನ ಕೈಯಲ್ಲಿದೆ. ದಿನದ ಪ್ರಾರ್ಥನೆಯಲ್ಲಿ ನಮ್ಮ ಪಾಲಿನ ಕೆಲಸವೂ ಅಷ್ಟೇ.

ನಿನ್ನಂಥವರಿಗೆಂದೇ ಬರೆದ ಹಾಗಿದೆ ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯ. ಕಪೆರ್ನೌಮಿನಲ್ಲಿ ಸಬ್ಬತ್ ದಿನ. ಸೀಮೋನನ ಅತ್ತೆ ಜ್ವರದಿಂದ ಮಲಗಿದ್ದಾಳೆ, ಯೇಸು ಕೈಹಿಡಿದು ಎಬ್ಬಿಸುತ್ತಾನೆ. ಹೊತ್ತು ಮುಳುಗಿದ ಮೇಲೆ ಊರಿನ ಬೇನೆಯವರನ್ನೆಲ್ಲ ಹೊತ್ತು ತಂದು ಆ ಮನೆಯ ಬಾಗಿಲಲ್ಲಿ ಸೇರಿಸುತ್ತಾರೆ. ಅಂಥ ರಾತ್ರಿ ಹೇಗಿರುತ್ತದೆಂದು ನಿನಗೆ ನಾನು ಹೇಳಬೇಕಿಲ್ಲ. ಮರುದಿನ ಇನ್ನೂ ಕತ್ತಲಿರುವಾಗಲೇ ಆತನು ಎದ್ದು, ಯಾರೂ ಇಲ್ಲದ ಕಡೆಗೆ ಹೋಗಿ ಪ್ರಾರ್ಥನೆ ಮಾಡಿದನು. ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು ಎಲ್ಲರೂ ನಿನ್ನನ್ನು ಕೇಳುತ್ತಿದ್ದಾರೆ ಅಂದರು. ಆತನು ಅದೇ ಬಾಗಿಲಿಗೆ ಮರಳದೆ ಬೇರೆ ಊರುಗಳಿಗೆ ಹೋಗೋಣ ಅಂದನು. ಆ ಕತ್ತಲಲ್ಲಿ ತಂದೆಯ ಮುಂದೆ ಕುಳಿತದ್ದರಿಂದಲೇ ಎಲ್ಲಿಗೆ ಹೋಗಬೇಕು, ಯಾವುದನ್ನು ಬಿಡಬೇಕು ಎಂಬುದು ಆತನಿಗೆ ಅಷ್ಟು ಸ್ಪಷ್ಟವಿತ್ತು ಎಂದು ನಾನು ನಂಬುತ್ತೇನೆ. ಜನರ ಸೇವೆಯೇ ಪ್ರಾರ್ಥನೆ, ಬೇರೆ ಪ್ರಾರ್ಥನೆ ಯಾಕೆ ಎಂದು ಆಸ್ಪತ್ರೆಯಲ್ಲಿ ಯಾರಾದರೂ ನಿನಗೆ ಹೇಳಿಯಾರು. ಆತನಿಗೇ ಎರಡೂ ಬೇಕಾಗಿದ್ದವು.

ಇನ್ನು ಬತ್ತಿಹೋದ ಮನಸ್ಸಿನ ವಿಷಯ. ನಿನ್ನ ಮಾವ ತೀರಿಕೊಂಡ ವರ್ಷ ನನ್ನ ಬಾಯಿಂದ ನನ್ನದೇ ಆದ ಒಂದು ಪ್ರಾರ್ಥನೆಯೂ ಹೊರಡುತ್ತಿರಲಿಲ್ಲ. ಸಭಾಪಾಲಕರು ಮನೆಗೆ ಬಂದು, ಕೀರ್ತನೆಗಳನ್ನು ಓದಿರಿ ಅಮ್ಮಾ, ನಿಮ್ಮ ಮಾತು ಬರುವ ತನಕ ಆ ಮಾತು ಸಾಕು ಅಂದರು. ಓದುತ್ತ ಓದುತ್ತ 88ನೇ ಕೀರ್ತನೆಗೆ ಬಂದೆ. ಉಳಿದ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಒಂದಿಷ್ಟು ಭರವಸೆಯ ಕಡೆಗೆ ಹೊರಳುತ್ತವೆ, ಇದು ಹೊರಳುವುದಿಲ್ಲ. ಕತ್ತಲೆ ಎಂಬಲ್ಲಿಗೇ ಮುಗಿದುಬಿಡುತ್ತದೆ. ಇಂಥದ್ದು ಸತ್ಯವೇದದಲ್ಲಿದೆಯಲ್ಲ, ಇದನ್ನೂ ದೇವರು ಪ್ರಾರ್ಥನೆಯೆಂದೇ ಸ್ವೀಕರಿಸಿದನಲ್ಲ ಎಂದು ಆ ದಿನ ಎಷ್ಟೋ ಹೊತ್ತು ಕುಳಿತಿದ್ದೆ. ಅದನ್ನು ಬರೆದವನು ಪ್ರತಿದಿನವೂ ದೇವರನ್ನು ಕೂಗುತ್ತಿದ್ದ, ಬೆಳಗಾದರೆ ಅವನ ಮೊರೆ ದೇವರ ಮುಂದೆ ಇರುತ್ತಿತ್ತು. ಅವನೇ ಹಾಗೆ ಹೇಳಿಕೊಳ್ಳುತ್ತಾನೆ. ಅಂದರೆ ಆ ಕತ್ತಲೆಯ ಮಾತು ದೇವರನ್ನು ಬಿಟ್ಟವನದಲ್ಲ, ನಿತ್ಯ ಬರುತ್ತಿದ್ದವನದು. ನಾನು ಆ ವರ್ಷವನ್ನು ದಾಟಿದ್ದು ಅವನ ಮಾತು ಹಿಡಿದುಕೊಂಡು.

ಹಾಗೆ ನಿತ್ಯ ಬರುತ್ತಿದ್ದ ಇನ್ನೊಬ್ಬನು ದಾನಿಯೇಲ. ಅವನ ಕಥೆ ನಿನಗೆ ಸಂಡೇ ಸ್ಕೂಲಿನಿಂದಲೇ ಬಾಯಿಪಾಠ. ಸಿಂಹದ ಗವಿಯನ್ನು ಎಲ್ಲರೂ ನೆನಪಿಡುತ್ತಾರೆ, ಅದರ ಹಿಂದಿನ ವಾಕ್ಯವನ್ನು ಮರೆಯುತ್ತಾರೆ. 30 ದಿನ ಅರಸನಿಗೆ ಬಿಟ್ಟು ಬೇರೆ ಯಾರಿಗೂ ಬಿನ್ನಹ ಮಾಡಕೂಡದು ಎಂಬ ಶಾಸನ ಹೊರಟದ್ದು ಗೊತ್ತಾದ ಮೇಲೂ ಅವನು ಮನೆಗೆ ಹೋಗಿ, ಯೆರೂಸಲೇಮಿನ ಕಡೆಗಿದ್ದ ಕಿಟಕಿಯ ಬಳಿ ದಿನಕ್ಕೆ ಮೂರು ಸಾರಿ ಮೊಣಕಾಲೂರಿದನು, ಮೊದಲಿನಿಂದ ಮಾಡುತ್ತಿದ್ದ ಹಾಗೆಯೇ. ಆಪತ್ತು ಬಂದ ದಿನ ಅವನು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.

ನೀನು ಹೇಳಿದ ಸಹೋದರ ಲಾರೆನ್ಸನ ಪುಸ್ತಕ ನನಗೂ ಬಹಳ ಪ್ರಿಯ. 17ನೇ ಶತಮಾನದ ಪ್ಯಾರಿಸ್, ಕಾರ್ಮೆಲ್ ಮಠದ ಅಡುಗೆಮನೆ. ಆ ಕೆಲಸ ಅವನ ಸ್ವಭಾವಕ್ಕೆ ಒಗ್ಗದಿದ್ದರೂ ಪಾತ್ರೆಗಳ ನಡುವೆಯೇ ದೇವರ ಸನ್ನಿಧಿಯಲ್ಲಿ ಇರಲು ಕಲಿತವನು. ವಾರ್ಡಿನಲ್ಲಿ ಡ್ರಿಪ್ ಬದಲಿಸುತ್ತ, ಬೆಡ್‌ಶೀಟ್ ಹಾಸುತ್ತ ನೀನೂ ಹಾಗೆ ಇರಬಹುದು. ಆದರೆ ಅವನ ಮಾತು ಓದಿ, ಇನ್ನು ಬೇರೆ ಹೊತ್ತು ಬೇಕಿಲ್ಲ ಎಂದುಕೊಳ್ಳಬೇಡ. ಅವನಿದ್ದದ್ದು ಗಂಟೆ ಹೊಡೆದರೆ ಎಲ್ಲರೂ ಪ್ರಾರ್ಥನೆಗೆ ಕೂಡುವ ಮಠದಲ್ಲಿ. ಮೊದಲ ಹತ್ತು ವರ್ಷ ತಾನು ಬಹಳ ಒದ್ದಾಡಿದೆನೆಂದು ಅವನೇ ಬರೆದಿದ್ದಾನೆ. ನಿನಗೆ ಮಠವಿಲ್ಲ, ಗಂಟೆಯಿಲ್ಲ, ವಾರಕ್ಕೊಮ್ಮೆ ಬದಲಾಗುವ ಡ್ಯೂಟಿ ಲಿಸ್ಟ್ ಇದೆ. ಆದ್ದರಿಂದ ಗಡಿಯಾರ ನೋಡಿ ಹೊತ್ತು ಇಟ್ಟುಕೊಳ್ಳಬೇಡ, ಯೂನಿಫಾರ್ಮಿಗೆ ಕಟ್ಟಿಕೋ. ಯೂನಿಫಾರ್ಮ್ ಹಾಕುವ ಮೊದಲು ಹತ್ತು ನಿಮಿಷ. ಬೆಳಗಿನ ಡ್ಯೂಟಿಯಿರಲಿ, ರಾತ್ರಿಯದಿರಲಿ, ಅದು ತಪ್ಪುವುದಿಲ್ಲ.

ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಎಂದು ಕೇಳುತ್ತೀ. ಕೀರ್ತನೆಗಳಲ್ಲಿ 120ರಿಂದ 134ರ ತನಕ 15 ಯಾತ್ರಾಗೀತೆಗಳಿವೆ, ಒಂದನ್ನು ಬಿಟ್ಟರೆ ಎಲ್ಲವೂ ಚಿಕ್ಕವು. ದಿನಕ್ಕೊಂದು ಓದು. ಮೊಬೈಲಿನ ಇಂಗ್ಲಿಷಿನಲ್ಲಿ ಬೇಡ, ಕನ್ನಡದಲ್ಲಿ, ಬಾಯಿಬಿಟ್ಟು ಓದು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ಇಡೀ ಸತ್ಯವೇದವನ್ನು ಕನ್ನಡದಲ್ಲಿ ಮುಗಿಸುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು. ನಿನ್ನ ಅಜ್ಜ ಸಂಜೆ ಚಾಪೆ ಹಾಸಿ ನಮ್ಮನ್ನೆಲ್ಲ ಕೂರಿಸಿ ಓದಿಸುತ್ತಿದ್ದದ್ದು ಅದೇ ಭಾಷೆಯಲ್ಲಿ. ಓದಿದ ಮೇಲೆ ಸುಮ್ಮನೆ ಕುಳಿತುಕೋ. ಮನಸ್ಸು ಓಡಿದರೆ ಬೈಯದೆ ಅದೇ ವಾಕ್ಯಕ್ಕೆ ಕರೆದುಕೊಂಡು ಬಾ. ಆಮೇಲೆ ಕರ್ತನ ಪ್ರಾರ್ಥನೆ ಹೇಳಿ ಏಳು. ಅಷ್ಟೇ ಸಾಕು. ಒಂದು ದಿನ ತಪ್ಪಿದರೆ ಮರುದಿನ ಎರಡು ಓದಿ ಸರಿದೂಗಿಸಬೇಡ. ದೇವರೊಡನೆ ಬಾಕಿ ಲೆಕ್ಕ ಇಟ್ಟುಕೊಂಡವರು ಬೇಗ ದಣಿದು ಬಿಟ್ಟುಬಿಡುವುದನ್ನು ನಾನು ಕಂಡಿದ್ದೇನೆ.

ಹ್ಯಾಂಡೋವರ್ ಮುಗಿಸಿ ಹಾಸ್ಟೆಲ್ಲಿಗೆ ನಡೆಯುವಾಗ ಒಂದೊಂದೇ ಬೆಡ್ ನೆನೆಸಿಕೋ. ಅಲ್ಲಿದ್ದವರ ಹೆಸರನ್ನು ದೇವರ ಮುಂದೆ ಹೇಳು. ಯಾರ ಮೇಲೆ ಸಿಡುಕಿದೆಯೋ ಅವರ ಹೆಸರನ್ನೂ ಹೇಳಿ ಕ್ಷಮೆ ಕೇಳು. ನಿನ್ನ ಪ್ರಾರ್ಥನೆ ಫಲ ಕೊಡುತ್ತಿದೆಯೋ ಇಲ್ಲವೋ ಎಂಬುದು ಮೊದಲು ಗೊತ್ತಾಗುವುದು ನಿನಗಲ್ಲ, ಆ ಬೆಡ್ಡಿನಲ್ಲಿ ಇರುವವರಿಗೆ ಮತ್ತು ನಿನ್ನ ಕೈಕೆಳಗೆ ದುಡಿಯುವ ಆಯಾಗೆ.

ಕರ್ತನ ಭೋಜನದ ರವಿವಾರ ರಜೆ ಕೇಳಿಕೋ. ಒಬ್ಬಳೇ ಓದಿ ಪ್ರಾರ್ಥಿಸುವುದು ಎಷ್ಟೇ ಚೆನ್ನಾಗಿದ್ದರೂ ಸಭೆಯೊಡನೆ ಆ ರೊಟ್ಟಿ ತೆಗೆದುಕೊಳ್ಳುವುದಕ್ಕೆ ಅದು ಬದಲಿಯಾಗುವುದಿಲ್ಲ. ಈ ಒಂದರಲ್ಲಿ ನಿನ್ನ ಅತ್ತೆಯದು ಹಟವೆಂದೇ ತಿಳಿ.

ಈ ಕಾಗದ ಸಿಗುವಾಗ ನಿನಗೆ ರಾತ್ರಿ ಡ್ಯೂಟಿಯಿದ್ದರೆ ಕೊನೆಯ ಯಾತ್ರಾಗೀತೆಯಿಂದಲೇ ಶುರು ಮಾಡು. 134ನೇ ಕೀರ್ತನೆ, ಮೂರೇ ವಚನ. ದೇವಾಲಯದಲ್ಲಿ ರಾತ್ರಿಯೆಲ್ಲ ನಿಂತು ಸೇವೆ ಮಾಡುತ್ತಿದ್ದವರಿಗಾಗಿ ಬರೆದದ್ದು. ಇವತ್ತೇ ಓದು, ನಾಳೆಗೆ ಇಡಬೇಡ.

ನಿನ್ನ ಪ್ರೀತಿಯ
ಅತ್ತೆ