ಸದ್ದಿಲ್ಲದೆ ಸವೆಯುವ ಚೈನು

ಹಳೆಯ ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲುಗಳಲ್ಲಿ ಚೈನು ಸವೆದರೆ ಅದೇ ಹೇಳಿಕೊಳ್ಳುತ್ತಿತ್ತು. ಜೋತುಬಿದ್ದು ಚೈನ್‌ಕವರಿಗೆ ಬಡಿಯುತ್ತಿತ್ತು. ಆಗಲೂ ಕಿವಿಗೆ ಹಾಕಿಕೊಳ್ಳದಿದ್ದರೆ ನಡುದಾರಿಯಲ್ಲಿ ಕಳಚಿಕೊಳ್ಳುತ್ತಿತ್ತು. ಚಿಕ್ಕಮಗಳೂರಿನಲ್ಲಿ ನನ್ನ ಸೋದರಮಾವನ ಸೈಕಲ್ ಶಾಪಿಗೆ ಜನ ಬರುತ್ತಿದ್ದುದೇ ಹಾಗೆ, ಸೈಕಲ್ಲನ್ನು ತಳ್ಳಿಕೊಂಡು, ಕೈಯೆಲ್ಲ ಮಸಿ ಮಾಡಿಕೊಂಡು. ಮಾವ ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚಕ್ರವನ್ನು ಒಂದಿಷ್ಟು ಹಿಂದಕ್ಕೆಳೆದು ಬಿಗಿಯುತ್ತಿದ್ದರು. ಎಳೆಯಲು ಜಾಗ ಉಳಿದಿಲ್ಲವೆಂದರೆ ಚೈನಿನಿಂದ ಒಂದು ಜೊತೆ ಕೊಂಡಿ ತೆಗೆಯುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಮಾತ್ರ ಹೊಸ ಚೈನು.

ಎಂಬತ್ತರ ದಶಕದಲ್ಲಿ ಶಾಪಿನ ಮುಂದೆ ಬಾಡಿಗೆ ಸೈಕಲ್ಲುಗಳ ಸಾಲು ಇರುತ್ತಿತ್ತು. ಗಂಟೆ ಲೆಕ್ಕದಲ್ಲಿ ಒಯ್ದವರು ಗುಂಡಿ, ದಿಣ್ಣೆ ನೋಡದೆ ಓಡಿಸಿ ತಂದು ನಿಲ್ಲಿಸುತ್ತಿದ್ದರು. ಮಳೆಗಾಲ ಮುಗಿಯುತ್ತಿದ್ದಂತೆ ಓವರಾಯಿಲಿಂಗ್ ಶುರು. ನನಗೆ ಬಹಳ ಇಷ್ಟವಾಗಿದ್ದುದು ಹಿಂದಿನ ಚಕ್ರದ ಫ್ರೀವೀಲು ಬಿಚ್ಚುವ ಕೆಲಸ. ಅದರ ಮುಚ್ಚಳಕ್ಕೆ ಎಡಮರೆ. ಎಲ್ಲ ನಟ್ಟುಗಳೂ ಬಿಚ್ಚಿಕೊಳ್ಳುವ ದಿಕ್ಕಿಗೆ ತಿರುಗಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ. ಮಾವ ಸಣ್ಣ ಉಳಿ ಇಟ್ಟು ಬಲಕ್ಕೆ ತಟ್ಟಿದರೆ ಮುಚ್ಚಳ ಸಡಿಲವಾಗಿ, ಸೀಮೆಎಣ್ಣೆಯ ತಟ್ಟೆಗೆ ಸಾಸಿವೆಗಿಂತ ತುಸು ದೊಡ್ಡ ಬಾಲ್ಸುಗಳು ಉದುರುತ್ತಿದ್ದವು. ಒಳಗೆ ಹಲ್ಲಿಗೆ ಕಚ್ಚಿಕೊಳ್ಳುವ ಪುಟ್ಟ ನಾಲಗೆಗಳು, ಅವನ್ನು ಎತ್ತಿ ಹಿಡಿಯುವ ಕೂದಲಿನಂಥ ಸ್ಪ್ರಿಂಗು. ಪೆಡಲ್ ತುಳಿದರೂ ಚಕ್ರ ತಿರುಗದೆ "ಫ್ರೀ ಆಗ್ತಿದೆ" ಎನ್ನುವ ದೂರಿಗೆ ಮುಕ್ಕಾಲು ಪಾಲು ಈ ಸ್ಪ್ರಿಂಗಿನ ಮೇಲೆ ಕೂತ ಗಟ್ಟಿ ಗ್ರೀಸೇ ಕಾರಣ. ತೊಳೆದು, ತೆಳುವಾದ ಎಣ್ಣೆ ಬಿಟ್ಟು, ಬಾಲ್ಸು ಜೋಡಿಸಿ ಮುಚ್ಚಿದರೆ ಅದೇ ಫ್ರೀವೀಲು ಮತ್ತೆ ವರ್ಷಗಟ್ಟಲೆ ದುಡಿಯುತ್ತಿತ್ತು. ಕ್ರ್ಯಾಂಕು ಅಲ್ಲಾಡಿದರೆ ಅದನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು ಹೊಡೆದು ತೆಗೆದು, ಹೊಸದನ್ನು ಅರದಿಂದ ಉಜ್ಜಿ ಹದಕ್ಕೆ ತಂದು ಕೂರಿಸುವುದು. ಸವೆದದ್ದನ್ನು ಮತ್ತೆ ಕೆಲಸಕ್ಕೆ ಹಚ್ಚುವುದೇ ಆ ಕಸುಬು.

ತೊಂಬತ್ತರ ದಶಕದಲ್ಲಿ ಮೊಪೆಡ್ಡು, ಬೈಕು ಬಂದು ಬಾಡಿಗೆ ಸೈಕಲ್ಲಿನ ಸಾಲು ಕರಗಿತು. ಹುಡುಗರು ದಪ್ಪ ಟೈರು, ನೇರ ಹ್ಯಾಂಡಲ್ಲಿನ ರೇಂಜರ್ ಹತ್ತಿದರು. ಆಕಾರ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ಕೆಲಸ ಬದಲಾದದ್ದು ಗೇರಿನ ಮೌಂಟನ್ ಬೈಕುಗಳು ಬೆಂಗಳೂರಿನಿಂದ ಕಾರಿನ ಹಿಂದೆ ಕಟ್ಟಿಸಿಕೊಂಡು ಬಂದಾಗ. ಕೈಮರದಿಂದ ಏರು ಹಿಡಿದು ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ಕಡೆ ಹೋದವರು, ತೋಟದ ಕೆಸರುದಾರಿಗಳಲ್ಲಿ ಇಳಿದು ಸಂಜೆ ನಮ್ಮ ಶಾಪಿನ ಮುಂದೆ ನಿಲ್ಲತೊಡಗಿದರು. ಅಷ್ಟು ಹೊತ್ತಿಗೆ ಅಲ್ಲಿ ಕೂರುತ್ತಿದ್ದವನು ಮಾವನ ಮಗ.

ಗೇರಿನ ಸೈಕಲ್ಲಿನಲ್ಲಿ ಚೈನು ಎಷ್ಟೇ ಸವೆದರೂ ಜೋತುಬೀಳುವುದಿಲ್ಲ. ಹಿಂದೆ ನೇತಾಡುತ್ತ ಗೇರು ಬದಲಿಸುವ ಡಿರೇಲರಿನ ತೋಳಿನಲ್ಲಿ ಸ್ಪ್ರಿಂಗು ಇದೆ, ಉದ್ದವಾದಷ್ಟೂ ಅದು ಎಳೆದುಕೊಳ್ಳುತ್ತದೆ. ಸದ್ದಿಲ್ಲ, ಕಳಚುವುದಿಲ್ಲ. ಸವಾರನಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಒಳಗೆ ಮಾತ್ರ ಪಿನ್ನೂ ಅದರ ಸುತ್ತಲಿನ ಕೊಂಡಿಯ ತೂತೂ ತೇಯ್ದು, ಕೊಂಡಿ ಕೊಂಡಿಗೂ ಸಡಿಲ ಹೆಚ್ಚುತ್ತಿರುತ್ತದೆ. ಹಲ್ಲುಗಳ ನಡುವಿನ ಅಂತರ ಹಾಗೇ ಇದೆ, ಕೊಂಡಿಗಳ ಅಂತರ ಹೆಚ್ಚಿದೆ. ಆಗ ಭಾರ ಎಲ್ಲ ಹಲ್ಲುಗಳ ಮೇಲೂ ಹಂಚಿಕೆಯಾಗದೆ ಒಂದೆರಡರ ಮೇಲೇ ಬಿದ್ದು, ಹಲ್ಲು ಒಂದು ಬದಿಗೆ ತಿಂದುಹೋಗಿ ಕೊಕ್ಕೆಯಾಗುತ್ತದೆ. ಮೊದಲು ಕಣ್ಣು, ಕಿವಿಗೇ ತಿಳಿಯುತ್ತಿದ್ದ ರೋಗವನ್ನು ಈಗ ಹುಡುಕಿ ಹಿಡಿಯಬೇಕು. ಕಸುಬು ತಿರುಗಿದ್ದು ಇಲ್ಲಿ.

ಹಳೆಯ ಮದ್ದನ್ನು ಹೊಸ ರೋಗಕ್ಕೆ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಯಾವುದೋ ಊರಿನ ಅಂಗಡಿಯಲ್ಲಿ ಚೈನು ಸಡಿಲವೆಂದು ಎರಡು ಜೊತೆ ಕೊಂಡಿ ತೆಗೆಸಿಕೊಂಡ ಒಬ್ಬರು ಏರಿನಲ್ಲಿ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಗೇರು ಹಾಕಿದ್ದರು. ಚೈನಿಗೆ ಉದ್ದ ಸಾಲದೆ ಡಿರೇಲರು ಕಿತ್ತು ಬಂದು ಕಡ್ಡಿಗಳಿಗೆ ಸಿಕ್ಕಿತ್ತು. ಅದನ್ನು ಫ್ರೇಮಿಗೆ ಹಿಡಿದಿದ್ದ ಅಲ್ಯೂಮಿನಿಯಂ ಹ್ಯಾಂಗರ್ ಎರಡು ತುಂಡು.

ಮಾವನ ಮಗ ರೋಗ ಪತ್ತೆ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಒಮ್ಮೆ ಒಬ್ಬ ಹುಡುಗ ಬಂದು, "ಅಣ್ಣಾ, ಗೇರ್ ಸ್ಲಿಪ್ ಆಗ್ತಿದೆ, ಹೊಸ ಚೈನು ಹಾಕಿ ಇನ್ನೂ ವಾರ ಆಗಿಲ್ಲ" ಎಂದ. ಇವನು ಸ್ಪ್ಯಾನರ್ ಮುಟ್ಟಲಿಲ್ಲ. "ಎಲ್ಲಾ ಗೇರಲ್ಲೂ ಜಾರುತ್ತಾ, ಇಲ್ಲ ಒಂದೆರಡರಲ್ಲಿ ಮಾತ್ರಾನಾ?" ಎಂದು ಕೇಳಿದ. ನಡುವಿನ ಎರಡರಲ್ಲಿ, ಅದೂ ಏರಿನಲ್ಲಿ ಒತ್ತಿ ತುಳಿದಾಗ. ಪೆಡಲನ್ನು ಹಿಂದಕ್ಕೆ ತಿರುಗಿಸಿ ಡಿರೇಲರಿನ ಪುಟ್ಟ ಗಾಲಿಗಳ ಮೇಲೆ ಕಣ್ಣಿಟ್ಟ. ಬಿಗಿದ ಕೊಂಡಿ ಇದ್ದರೆ ಚೈನಿನ ಒಂದೊಂದು ಸುತ್ತಿಗೂ ಒಮ್ಮೆ ಅಲ್ಲಿ ನೆಗೆತ ಕಾಣುತ್ತದೆ. ಕಾಣಲಿಲ್ಲ. ಹಿಂದಿನಿಂದ ನೋಡಿದಾಗ ಡಿರೇಲರು ನೆಟ್ಟಗೆ ಇತ್ತು, ಹ್ಯಾಂಗರ್ ಬಾಗಿರಲಿಲ್ಲ. ಕ್ರ್ಯಾಂಕನ್ನು ಅಡ್ಡಡ್ಡ ಅಲ್ಲಾಡಿಸಿದ, ಬೇರಿಂಗು ಗಟ್ಟಿ. ಹಿಂದಿನ ಚಕ್ರದ ಒಳಗಿನ ನಾಲಗೆಗಳು ಜಾರುತ್ತಿದ್ದರೆ ಎಲ್ಲ ಗೇರಿನಲ್ಲೂ ಕಾಲು ಕುಸಿಯಬೇಕಿತ್ತು. ಉಳಿದದ್ದು ಒಂದೇ. ಬಟ್ಟೆಯಿಂದ ಹಲ್ಲು ಒರೆಸಿ ಬೆಳಕಿಗೆ ಹಿಡಿದು ತೋರಿಸಿದ. ನಡುವಿನ ಎರಡು ಚಕ್ರಗಳ ಹಲ್ಲು ಕೊಕ್ಕೆಯಂತೆ ಬಾಗಿದ್ದವು. ಹಳೆಯ ಚೈನು ಸವೆಯುತ್ತ ಅವನ್ನು ತನ್ನ ಅಳತೆಗೆ ತಿಂದುಹಾಕಿತ್ತು, ಹೊಸ ಚೈನು ಅಲ್ಲಿ ಕೂರಲಾರದೆ ಹತ್ತಿ ಜಾರುತ್ತಿತ್ತು. "ಚೈನಿನ ತಪ್ಪಲ್ಲಪ್ಪ ಇದು. ಕ್ಯಾಸೆಟ್ಟು ಹೋಗಿದೆ. ಆರು ತಿಂಗಳು ಮುಂಚೆ ಬಂದಿದ್ರೆ ಚೈನಲ್ಲೇ ಮುಗೀತಿತ್ತು."

ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಈ ಕ್ಯಾಸೆಟ್ಟಿನ ಬೆಲೆಗೆ ಹಲವು ಚೈನು ಬರುತ್ತವೆ. ಅದನ್ನು ಬಿಚ್ಚಿ ತೊಳೆದು ಉಳಿಸಿಕೊಳ್ಳುವ ಮಾತಿಲ್ಲ, ಸವೆದರೆ ಬದಲಿಸುವುದೇ. ಗೇರು ಹೆಚ್ಚಿದಂತೆ ಚೈನೂ ತೆಳುವಾಯಿತು, ಎಂಟು ಗೇರಿನದ್ದು 7 ಮಿ.ಮೀ. ಅಗಲವಿದ್ದರೆ ಹನ್ನೆರಡರದ್ದು ಐದೂಕಾಲರ ಆಸುಪಾಸು. ಹಲ್ಲುಗಳೂ ಅಷ್ಟೇ ತೆಳು. 2016ರಲ್ಲಿ ಸ್ರಾಮ್ ಕಂಪನಿ ಈಗಲ್ ಹೆಸರಿನಲ್ಲಿ ಹಿಂದೆ ಹನ್ನೆರಡು ಚಕ್ರ, 10ರಿಂದ 50 ಹಲ್ಲಿನವರೆಗೆ ತಂದ ಮೇಲೆ ಎಷ್ಟೋ ಮೌಂಟನ್ ಬೈಕುಗಳಲ್ಲಿ ಮುಂದಿನ ಗೇರುಗಳೇ ಮಾಯವಾಗಿ ಒಂದೇ ಚೈನ್‌ವೀಲು ಉಳಿಯಿತು. ಇವನ್ನೆಲ್ಲ ಮಾವ ಕುತೂಹಲದಿಂದ ಕೈಯಲ್ಲಿ ಹಿಡಿದು ನೋಡುತ್ತಿದ್ದರು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಆ ಸುದ್ದಿ ಓದಿದ ದಿನ ಅವರು ಊಟಕ್ಕೆ ಏಳಲಿಲ್ಲ.

ಆದರೂ ಅವರ ಕೈಗೆ ಕೆಲಸವಿಲ್ಲದೆ ಹೋಗಲಿಲ್ಲ. ಕೆಸರಿನಲ್ಲಿ ಓಡಿದ ಹಳೆಯ ಮೂರು ಚೈನ್‌ವೀಲಿನ ಬೈಕುಗಳಲ್ಲಿ ಚಿಕ್ಕದರ ಹಲ್ಲಿನ ಅಂಚಿಗೆ ಸಿಬಿರೆದ್ದು, ಚೈನು ಕೆಳಗೆ ಬಿಟ್ಟುಕೊಳ್ಳದೆ ಅಂಟಿಕೊಂಡೇ ಮೇಲೆ ಸುತ್ತಿ ಫ್ರೇಮಿಗೆ ಸಿಕ್ಕಿಕೊಳ್ಳುತ್ತದೆ. ಅಂಥದ್ದು ಬಂದರೆ ಮಾವನ ಮಗ ಅಪ್ಪನ ಮುಂದೆ ಇಡುತ್ತಿದ್ದ. ಕಾಟರ್ ಪಿನ್ನು ಉಜ್ಜಿದ ಅದೇ ಅರದಿಂದ ಮಾವ ಒಂದೊಂದೇ ಹಲ್ಲಿನ ಸಿಬಿರು ತೆಗೆದು, ಬೆರಳಿನಿಂದ ಸವರಿ ನೋಡಿ ಮುಂದಿನದಕ್ಕೆ ಹೋಗುತ್ತಿದ್ದರು. ಹೊಸ ಭಾಗಕ್ಕೆ ದುಡ್ಡಿಲ್ಲದ ಎಷ್ಟೋ ಹುಡುಗರ ಬೈಕು ಹಾಗೆ ಇನ್ನೊಂದು ಮಳೆಗಾಲ ಓಡಿವೆ. ಬದಲಿಸುವುದನ್ನು ಮಾತ್ರ ಬಲ್ಲ ಮೆಕ್ಯಾನಿಕ್ಕಿಗಿಂತ ಇಂಥ ಕೈ ಇರುವವರು ಪ್ರತಿ ಊರಲ್ಲೂ ಒಬ್ಬರಾದರೂ ಇರಬೇಕು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಮಲೆನಾಡಿನ ಸವಾರರಿಗೆ ಒಂದು ಮಾತು. ಚೈನಿನ ಮೇಲೆ ಎಣ್ಣೆ ಸುರಿದು ಬಿಡಬೇಡಿ, ಕೆಂಪು ಮಣ್ಣು ಅದಕ್ಕೆ ಸೇರಿದರೆ ಸಾಣೆ ಹಿಡಿದಂತೆ ಲೋಹ ತೇಯುತ್ತದೆ. ಕೆಸರಿನಿಂದ ಬಂದ ದಿನವೇ ತೊಳೆದು, ಒಣಗಿಸಿ, ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಒರೆಸಿಬಿಡಿ. ಆಮೇಲೆ ಮಕ್ಕಳ ಜಾಮಿಟ್ರಿ ಡಬ್ಬಿಗಿಂತ ಉದ್ದದ, ಹನ್ನೆರಡು ಇಂಚಿನ ಸ್ಟೀಲ್ ಸ್ಕೇಲು ತನ್ನಿ. ಪೆಡಲ್ ಮೇಲೆ ಸ್ವಲ್ಪ ಒತ್ತಿ ಚೈನು ಬಿಗಿಯಾಗಿಸಿ, ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿಯಿರಿ. ಹೊಸ ಚೈನಾದರೆ 12 ಇಂಚಿನ ಗೆರೆಯೂ ಪಿನ್ನಿನ ನಡುವೆಯೇ ಬೀಳುತ್ತದೆ. ಪಿನ್ನು ಗೆರೆ ದಾಟಿ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನು ಬದಲಿಸಿ. ಮೂರು ಮಿಲಿಮೀಟರ್ ಹೋಗಿದ್ದರೆ ಕ್ಯಾಸೆಟ್ಟಿಗೂ ದುಡ್ಡು ಹೊಂದಿಸಿಕೊಂಡು ಶಾಪಿಗೆ ಹೋಗಿ.