ಎರಡು ಸಾಲಿನ ಸಾಂತ್ವನ

ಜಾಲಿಗಿಡದ ಕೆಳಗೆ ಕುಳಿತು ಸಾವನ್ನು ಬಯಸಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಿದಾಗ ಎರಡನೆಯ ಸಲವೂ ಬಂದನು.

ಮುಂಡರಗಿ, ಶಿರಹಟ್ಟಿಗಳಿಂದ ದೂರದ ಊರಿಗೆ ಓದಲು ಹೋದ ನಮ್ಮ ಮಕ್ಕಳು ಖಿನ್ನರಾದಾಗ, ಕರೆಗೆ ಓಗೊಡದಿದ್ದರೂ ಸಂದೇಶವನ್ನು ಓದುವುದುಂಟು. ಅಮೆರಿಕದ ಮನೋವೈದ್ಯ ಜೆರೋಮ್ ಮೋಟೊ, ಆಸ್ಪತ್ರೆಯಿಂದ ಹೊರಬಂದು ಮುಂದಿನ ಚಿಕಿತ್ಸೆಯನ್ನು ನಿರಾಕರಿಸಿದ 843 ಜನರಲ್ಲಿ ಹಲವರಿಗೆ ಏನನ್ನೂ ಬೇಡದ ಪುಟ್ಟ ಪತ್ರಗಳನ್ನು ಕಳುಹಿಸುತ್ತಿದ್ದರು. ಪತ್ರ ಪಡೆದವರಲ್ಲಿ ಮೊದಲೆರಡು ವರ್ಷ ಆತ್ಮಹತ್ಯೆ ಕಡಿಮೆಯಿದ್ದುದು 2001ರಲ್ಲಿ ಪ್ರಕಟವಾಯಿತು.

ಪ್ರಿಯ ತಂದೆತಾಯಿಗಳೇ, “ಊಟ ಆತೇನಪ್ಪಾ? ಉತ್ತರ ಬರೀಲಿಲ್ಲಂದ್ರೂ ನಡೀತದ” ಎಂದು ಬರೆಯಿರಿ; ಮರುದಿನವೂ ಬರೆಯಿರಿ. ಅವರು ಮಾತು ತೆರೆದೊಡನೆ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ; 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಸಂದೇಶವನ್ನೂ ಓದದಿದ್ದರೆ ತಡಮಾಡದೆ ಬಸ್ಸು ಹತ್ತಿ ನೀವೇ ಹೋಗಿರಿ.