ಮಳೆಗಾಲದ ಮರವಂತೆ

ಕಡಲತೀರಕ್ಕೆ ಪ್ರವಾಸ ಹೋಗುವುದಕ್ಕೆ ಒಂದು ಕಾಲವುಂಟು ಎಂಬುದು ಎಲ್ಲರೂ ಒಪ್ಪಿದ ಮಾತು. ಮಳೆ ಹಿಂಜರಿದು, ಆಕಾಶ ತಿಳಿಯಾಗಿ, ಅಲೆಗಳು ಸಾಧುವಾದ ಮೇಲೆ ಬರುವ ಚಳಿಗಾಲದ ದಿನಗಳೇ ಆ ಕಾಲ. ಆದುದರಿಂದ 2022ರ ಜುಲೈ ತಿಂಗಳಲ್ಲಿ ನಾನು ಮರವಂತೆಗೆ ಹೊರಟು ನಿಂತಾಗ ಮನೆಯವರೆಲ್ಲರೂ ನಕ್ಕರು. “ಅಪ್ಪಾ, ನೆನೆಯುವುದಕ್ಕೆ ಅಷ್ಟು ದೂರ ಹೋಗಬೇಕೆ?” ಎಂದು ಮಗಳು ಕೇಳಿದಳು. “ನೆನೆಯಬೇಕಾದರೆ ಅಷ್ಟು ದೂರವೇ ಹೋಗಬೇಕಮ್ಮಾ” ಎಂದೆ.

ನಾನು ಹೇಳಿದುದರಲ್ಲಿ ಹಾಸ್ಯವೇನೂ ಇರಲಿಲ್ಲ. ನಮ್ಮದು ಚಳ್ಳಕೆರೆಯ ಕಡೆಯ ಬಯಲುಸೀಮೆ. ವರ್ಷವಿಡೀ ಸುರಿದ ಮಳೆಯನ್ನೆಲ್ಲ ಕೂಡಿಸಿದರೂ ಐನೂರು ಮಿಲಿಮೀಟರು ಮುಟ್ಟುವುದು ಕಷ್ಟ. ಶೇಂಗಾ ಬಿತ್ತನೆಗೆ ನೆಲ ಹದಮಾಡಿಕೊಂಡು, ಹಣೆಗೆ ಕೈ ಹಚ್ಚಿ ಮೋಡ ನೋಡುವುದರಲ್ಲಿಯೇ ನಮ್ಮವರ ಆಷಾಢ ಕಳೆದುಹೋಗುತ್ತದೆ. ಇಂಥ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಕನ್ನಡ ಪಾಠ ಹೇಳಿದೆ. ಪದ್ಯದಲ್ಲಿ ಸಮುದ್ರದ ವರ್ಣನೆ ಬಂದಾಗಲೆಲ್ಲ, “ಸಮುದ್ರವು ಗಂಭೀರವಾದುದು, ಅದು ಎಂದಿಗೂ ತನ್ನ ಮೇರೆಯನ್ನು ಮೀರುವುದಿಲ್ಲ, ಸಜ್ಜನರೂ ಹಾಗೆಯೇ” ಎಂದು ಅರ್ಥ ಬಿಡಿಸುತ್ತಿದ್ದೆ. ಸಮುದ್ರವನ್ನು ಕಾಣದ ಮಕ್ಕಳು ಅದನ್ನು ಬರೆದುಕೊಳ್ಳುತ್ತಿದ್ದರು. ನಾನಾದರೂ ಬೇಸಿಗೆಯಲ್ಲಿ ಎರಡು ಸಲ ಕಂಡಿದ್ದವನೇ ಹೊರತು, ಮಳೆಗಾಲದ ಕಡಲನ್ನು ಕಂಡವನಲ್ಲ. ಕುಂದಾಪುರದಲ್ಲಿ ಉಪನ್ಯಾಸಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, “ಮೇಷ್ಟ್ರೇ, ಆಸಾಡಿ ಅಮಾವಾಸ್ಯೆಗೆ ಮರವಂತೆಯಲ್ಲಿ ಜಾತ್ರೆ ಆಗುತ್ತದೆ, ಒಮ್ಮೆ ಬನ್ನಿ” ಎಂದು ಕರೆಯುತ್ತಲೇ ಇದ್ದನು. ಈ ಸಲ ಮನಸ್ಸು ಮಾಡಿದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗನನ್ನೂ ಜೊತೆಗೆ ಕರೆದುಕೊಂಡೆ. ಅವನಿಗೆ ಶಾಲೆಗೆ ನಾಲ್ಕು ದಿನ ರಜೆ ಹಾಕಿಸಿದೆ. ನಿವೃತ್ತನಾದ ಉಪಾಧ್ಯಾಯನು ಮಾಡಬಾರದ ಕೆಲಸವಿದು, ಮಾಡಿದೆ.

ಚಿತ್ರದುರ್ಗ, ಶಿವಮೊಗ್ಗ, ಹೊಸನಗರಗಳನ್ನು ದಾಟಿ ಹುಲಿಕಲ್ ಘಾಟಿಗೆ ಬರುವಷ್ಟರಲ್ಲಿ ಬಸ್ಸಿನ ಗಾಜಿನ ಆಚೆ ಲೋಕವೇ ಇಲ್ಲದಂತಾಯಿತು. ಮಂಜು, ಮರ, ನೀರು ಎಲ್ಲವೂ ಕಲಸಿಹೋಗಿದ್ದುವು. ಬಂಡೆಬಂಡೆಗಳಿಂದಲೂ ನೀರು ಧುಮುಕುತ್ತಿತ್ತು. “ತಾತ, ಈ ಮೋಡಗಳೆಲ್ಲ ನಮ್ಮ ಊರಿಗೇಕೆ ಬರುವುದಿಲ್ಲ?” ಎಂದು ಹುಡುಗ ಕೇಳಿದನು. ಬರುತ್ತವೆ, ಆದರೆ ಬರಿಗೈಯಲ್ಲಿ ಬರುತ್ತವೆ ಎಂದು ಹೇಳಿದೆ. ಅರಬ್ಬೀ ಸಮುದ್ರದಿಂದ ನೀರಾವಿಯನ್ನು ಹೊತ್ತು ಬರುವ ನೈಋತ್ಯದ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲಕ್ಕೇರುತ್ತದೆ; ಏರಿದಂತೆ ತಣಿಯುತ್ತದೆ; ತಣಿದ ನೀರಾವಿ ಮಳೆಯಾಗಿ ಕರಾವಳಿಯಲ್ಲಿಯೂ ಘಟ್ಟದ ಮೇಲೆಯೂ ಇಳಿದುಬಿಡುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ. ಘಟ್ಟದ ಬೆನ್ನ ಹಿಂದೆ ದೂರದಲ್ಲಿ ಕುಳಿತಿರುವ ನಮ್ಮ ಪಾಲಿಗೆ ಉಳಿಯುವುದು ಗಾಳಿ ಮತ್ತು ನೆರಳು.

ಕುಂದಾಪುರದಲ್ಲಿ ರಾತ್ರಿ ತಂಗಿದೆವು. ಅಟ್ಟದ ಕೆಳಗೆ ಬಾಳೆಯ ನಾರಿನಲ್ಲಿ ಕಟ್ಟಿ ತೂಗಹಾಕಿದ್ದ ಸೌತೆಕಾಯಿಗಳು, ಡಬ್ಬಿಯಲ್ಲಿ ಬೆಚ್ಚಗೆ ಕುಳಿತಿದ್ದ ಹಲಸಿನ ಹಪ್ಪಳ, ಕೆಸುವಿನ ಎಲೆಯ ಪತ್ರೊಡೆ ಇವುಗಳನ್ನು ಕಂಡು, ಮಳೆಗಾಲವೆಂದರೆ ಈ ಸೀಮೆಯವರಿಗೆ ಬೇಸಿಗೆಯಿಂದಲೇ ಸಿದ್ಧರಾಗಿ ಎದುರುಗೊಳ್ಳಬೇಕಾದ ಅತಿಥಿ ಎಂಬುದು ತಿಳಿಯಿತು. ಮಾರನೆಯ ಬೆಳಿಗ್ಗೆ ನನ್ನ ವಿದ್ಯಾರ್ಥಿಗೆ ಕಾಲೇಜಿನ ಕೆಲಸವಿತ್ತು. ನಾವಿಬ್ಬರೇ ಮರವಂತೆಗೆ ಹೊರಟೆವು. ಅವನು ಬಸ್ಸಿನವರೆಗೆ ಬಂದು, “ಮೇಷ್ಟ್ರೇ, ರಸ್ತೆಯ ಮೇಲೆ ನಿಂತೇ ನೋಡಿ. ದಯವಿಟ್ಟು ನೀರಿಗೆ ಮಾತ್ರ ಇಳಿಯಬೇಡಿ” ಎಂದು ಎರಡು ಬಾರಿ ಹೇಳಿದನು. ನಾನು ತಲೆಯಾಡಿಸಿದೆ.

ಮರವಂತೆಯ ನೆಲದ ಗುಣವೇ ಒಂದು ವಿಶೇಷ. ರಾಷ್ಟ್ರೀಯ ಹೆದ್ದಾರಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಪೂರ್ವಕ್ಕೆ ಸೌಪರ್ಣಿಕಾ ನದಿ. ಕೊಡಚಾದ್ರಿಯ ಸೀಮೆಯಲ್ಲಿ ಹುಟ್ಟಿ, ಕೊಲ್ಲೂರನ್ನು ಹಾದು ಬರುವ ಈ ನದಿ ಇಲ್ಲಿ ಕಡಲಿಗೆ ಒಂದು ಕಲ್ಲೆಸೆತದಷ್ಟು ಸಮೀಪಕ್ಕೆ ಬಂದರೂ ಕಡಲನ್ನು ಸೇರುವುದಿಲ್ಲ. ಏನನ್ನೋ ಮರೆತು ಬಂದವಳಂತೆ ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳೊಡನೆ ಕೂಡಿಕೊಂಡು ಸಮುದ್ರವನ್ನು ಸೇರುತ್ತಾಳೆ. ನಾವು ಬಸ್ಸಿನಿಂದ ಇಳಿದಾಗ ಎಡಗಡೆ ಕಡಲು ಮೊರೆಯುತ್ತಿತ್ತು. ಬಲಗಡೆ ಕೆಂಪು ನೀರು ತುಂಬಿದ ಹೊಳೆ ತೆಂಗಿನ ತೋಟಗಳ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು. ನಡುವೆ ಒಂದು ರಸ್ತೆ. ರಸ್ತೆಯ ಮೇಲೆ ಕೊಡೆ ಹಿಡಿದ ನಾವಿಬ್ಬರು.

ಬೇಸಿಗೆಯಲ್ಲಿ ನಾನು ಕಂಡಿದ್ದ ನೀಲಿಯ ಕಡಲು ಅಲ್ಲಿರಲಿಲ್ಲ. ಆಕಾಶಕ್ಕೂ ನೀರಿಗೂ ಒಂದೇ ಬೂದಿಯ ಬಣ್ಣ. ದಡದ ಬಳಿಯಲ್ಲಿ ಮಾತ್ರ ಹೊಳೆಗಳು ತಂದ ಮಣ್ಣಿನ ಕಂದು. ದೂರದಲ್ಲೊಂದು ಗೋಡೆ ಏಳುತ್ತಿತ್ತು. ಅದು ನಡೆದು ಬರುತ್ತಿತ್ತು. ಬಂದು ರಸ್ತೆಯ ಬದಿಗೆ ಪೇರಿಸಿದ ಬಂಡೆಗಳಿಗೆ ಬಡಿದು ತೆಂಗಿನ ಮರದೆತ್ತರಕ್ಕೆ ಸಿಡಿಯುತ್ತಿತ್ತು. ಕಾಲ ಕೆಳಗಿನ ರಸ್ತೆ ಅದುರಿದಂತೆ ಭಾಸವಾಗುತ್ತಿತ್ತು. ಮರಳ ದಂಡೆಯೆಂಬುದೇ ಬಹುಮಟ್ಟಿಗೆ ಮಾಯವಾಗಿತ್ತು. ನಾವು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದೆವು.

ಇಷ್ಟಕ್ಕೇ ತೃಪ್ತನಾಗಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರುತ್ತಿರಲಿಲ್ಲ. ಸ್ವಲ್ಪ ದೂರ ನಡೆದಾಗ ಬಂಡೆಗಳ ನಡುವೆ ಒಂದು ಕಿಂಡಿ ಕಾಣಿಸಿತು. ಅದರ ಕೆಳಗೆ ಹತ್ತು ಮಾರಿನಷ್ಟು ಮರಳು ಉಳಿದಿತ್ತು. ಅಲೆಯ ತುದಿ ಮೆಲ್ಲನೆ ಅಲ್ಲಿಗೆ ಬಂದು, ನೊರೆಯನ್ನು ಬಿಟ್ಟು ಹಿಂತಿರುಗುತ್ತಿತ್ತು. ಇಷ್ಟು ದೂರ ಬಂದು ಕಡಲನ್ನು ಮುಟ್ಟದೆ ಹೋಗುವುದೆ ಎಂಬ ಯೋಚನೆ ಬಂದಿತು. “ನೀನು ಇಲ್ಲಿಯೇ ನಿಲ್ಲು, ಪಾದಕ್ಕೆ ಒಂದು ಅಲೆ ತಾಗಿಸಿಕೊಂಡು ಬರುತ್ತೇನೆ” ಎಂದು ಹುಡುಗನಿಗೆ ಹೇಳಿ ಇಳಿದೆ. ಮೊದಲ ಅಲೆ ಹರಡನ್ನು ಮುಟ್ಟಿತು. ಎಂಥ ಆನಂದ! ಎರಡನೆಯದು ಮೊಳಕಾಲಿಗೆ ಬಂದು, ಹಿಂತಿರುಗುವಾಗ ನನ್ನ ಕಾಲಡಿಯ ಮರಳನ್ನೆಲ್ಲ ಕಿತ್ತುಕೊಂಡು ಹೋಯಿತು. ನಾನು ತತ್ತರಿಸಿ ಬಂಡೆಯನ್ನು ಹಿಡಿದುಕೊಂಡೆ. ಎಡಗಾಲಿನ ಚಪ್ಪಲಿ ಕಳಚಿ ನೀರಿನೊಡನೆ ಹೊರಟಿತು.

“ತಾತ, ಚಪ್ಪಲಿ!” ಎಂಬ ಕೂಗು ಕೇಳಿಸಿತು. ನಾನು ತಿರುಗಿ ನೋಡುವ ಮೊದಲೇ ಮೊಮ್ಮಗನು ನನ್ನನ್ನು ದಾಟಿ ಓಡಿದ್ದನು. ಚಪ್ಪಲಿ ಅವನ ಕೈಗೆ ನಾಲ್ಕೇ ಅಡಿ ದೂರದಲ್ಲಿ ತೇಲುತ್ತಿತ್ತು. ಅದರ ಹಿಂದೆ, ಅವನು ನೋಡದಿದ್ದ ಕಡೆಯಿಂದ, ಗೋಡೆಯೊಂದು ಏಳುತ್ತಿತ್ತು. ನನ್ನ ಬಾಯಿಂದ ಸ್ವರವೇ ಹೊರಡಲಿಲ್ಲ. ಮೂವತ್ತು ವರ್ಷ ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಪಾಠ ಹೇಳಿದ ಗಂಟಲು ಅಂದು ಕಟ್ಟಿಹೋಯಿತು.

“ಹ್ವಾಯ್! ಕಡ್ಲಿಗೆ ಇಳೂಕಾಗ!” ಎಂದು ಯಾರೋ ಗರ್ಜಿಸಿದರು. ಕಡಲಿಗೆ ಇಳಿಯಬಾರದು ಎಂದು ಅದರ ಅರ್ಥ. ಬಂಡೆಗಳ ಮೇಲಿನಿಂದ ಒಬ್ಬರು ಧುಮುಕಿದರು. ಹುಡುಗನ ಅಂಗಿಯ ಕೊರಳಪಟ್ಟಿಯನ್ನು ಹಿಡಿದು ಹಿಂದಕ್ಕೆ ಎಳೆದರು. ಆ ಕ್ಷಣದಲ್ಲಿಯೇ ಅಲೆ ಮುರಿಯಿತು. ಮೂವರೂ ಉಪ್ಪುನೀರಿನಲ್ಲಿ ಮುಳುಗಿ, ಬಂಡೆಗೆ ಒರಗಿಕೊಂಡು ಎದ್ದೆವು. ಹುಡುಗನ ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಆದದ್ದು ಅಷ್ಟೇ. ಆಗಬಹುದಾಗಿದ್ದುದನ್ನು ನೆನೆದರೆ ಇಂದಿಗೂ ನನಗೆ ನಿದ್ರೆ ಬರುವುದಿಲ್ಲ.

ನಮ್ಮನ್ನು ಕಾಪಾಡಿದವರು ಒಬ್ಬ ವೃದ್ಧ ಮೀನುಗಾರರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಹತ್ತಿರದ ಚಪ್ಪರದಲ್ಲಿ ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತ ಕುಳಿತಿದ್ದವರು, ನಾನು ಇಳಿದುದನ್ನು ಕಂಡಾಗಲೇ ಎದ್ದಿದ್ದರಂತೆ. ಚಪ್ಪರದೊಳಗೆ ನಮ್ಮನ್ನು ಕೂರಿಸಿ, ಒಣಬಟ್ಟೆ ಕೊಟ್ಟು, ಬಿಸಿ ಚಹಾ ತರಿಸಿದರು. ಅವರು ಹುಡುಗನನ್ನು ಗದರಿಸಲಿಲ್ಲ. ನನ್ನತ್ತ ತಿರುಗಿ, “ಮಾಷ್ಟ್ರೆ, ಮಕ್ಕಳು ನೀವು ಹೇಳಿದ್ದನ್ನು ಮಾಡುವುದಿಲ್ಲ; ನೀವು ಮಾಡಿದ್ದನ್ನು ಮಾಡುತ್ತವೆ” ಎಂದರು. ನಾನು ತಲೆ ತಗ್ಗಿಸಿದೆ. ‘ಇಲ್ಲಿಯೇ ನಿಲ್ಲು’ ಎಂದು ಬಾಯಲ್ಲಿ ಹೇಳಿ, ‘ಇಳಿಯಬಹುದು’ ಎಂದು ಕಾಲಿನಲ್ಲಿ ತೋರಿಸಿಕೊಟ್ಟವನು ನಾನೇ ಆಗಿದ್ದೆ.

ಮಳೆ ಬಿಡುವವರೆಗೆ ಅವರು ಕಡಲಿನ ವಿಷಯವನ್ನು ಹೇಳಿದರು. ಮುಂದಕ್ಕೆ ಬರುವ ಅಲೆಗಿಂತ ಹಿಂದಕ್ಕೆ ಹೋಗುವ ನೀರಿಗೆ ಅಂಜಬೇಕಂತೆ. ದಡದ ಮೇಲೆ ಏರಿದ ನೀರೆಲ್ಲ ಮರಳಿ ಹೋಗಲೇಬೇಕಷ್ಟೆ. ಅದು ಇಕ್ಕಟ್ಟಾದ ಜಾಗದಲ್ಲಿ ನುಗ್ಗಿ ಹೋಗುವಾಗ ಈಜು ಬಲ್ಲವನನ್ನೂ ಎಳೆದೊಯ್ಯುತ್ತದೆ. ನಾಲ್ಕು ಚಿಕ್ಕ ಅಲೆಗಳು ಬಂದುವೆಂದು ನಂಬಿದರೆ ಐದನೆಯದು ದೊಡ್ಡದಾಗಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಂತ್ರದ ದೋಣಿಗಳು ಕಡಲಿಗೆ ಹೋಗಬಾರದೆಂದು ಸರ್ಕಾರದ ನಿಷೇಧವಿದೆ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವೂ ಅದೇ. ಆ ಎರಡು ತಿಂಗಳು ಎಷ್ಟೋ ಮನೆಗಳಲ್ಲಿ ಕೈ ಬಿಗಿಯಾಗಿರುತ್ತದೆ. ಒಣಮೀನು, ಗಂಜಿಗಳಲ್ಲಿ ದಿನ ಕಳೆಯಬೇಕಾಗುತ್ತದೆ. ಆದರೂ ಅವರು ಬೇಸರವಿಲ್ಲದೆ ಹೇಳಿದರು: “ಎರಡು ತಿಂಗಳು ಕಡಲನ್ನು ಅದರ ಪಾಡಿಗೆ ಬಿಡಬೇಕು. ಹಾಗೆ ಬಿಟ್ಟರೆ ಹತ್ತು ತಿಂಗಳು ನಮ್ಮನ್ನು ನೋಡಿಕೊಳ್ಳುತ್ತದೆ. ನೂಲುಹುಣ್ಣಿಮೆಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡಿ, ಆಮೇಲೆ ಹೋಗುತ್ತೇವೆ.”

ಚಪ್ಪರದ ಆಚೆ ಎರಡು ತೆಂಗಿನ ಮರಗಳು ಬೇರು ಮೇಲಾಗಿ ಬಿದ್ದಿದ್ದುವು. ಅವರು ಹುಡುಗನಾಗಿದ್ದಾಗ ಅಲ್ಲಿಂದ ಮುಂದಕ್ಕೂ ತೆಂಗಿನ ಸಾಲುಗಳಿದ್ದುವಂತೆ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ; ಮಳೆ ಕಳೆದ ಮೇಲೆ ಶಾಂತವಾದ ಅಲೆಗಳು ಅದನ್ನು ಮೆಲ್ಲಮೆಲ್ಲನೆ ತಂದು ಮರಳಿ ಹಾಸುತ್ತವೆ. “ಮರಳನ್ನು ಕಡಲು ಹಿಂದಕ್ಕೆ ಕೊಡುತ್ತದೆ. ಮರವನ್ನು ಕೊಡುವುದಿಲ್ಲ” ಎಂದು ಅವರು ಹೇಳಿ ಮತ್ತೆ ಬಲೆಯನ್ನು ಕೈಗೆತ್ತಿಕೊಂಡರು.

ನಾನು ಮಕ್ಕಳಿಗೆ ಹೇಳುತ್ತಿದ್ದ ‘ಮೇರೆ ಮೀರದ ಸಮುದ್ರ’ದ ಮಾತು ಆಗ ನೆನಪಾಯಿತು. ಸಮುದ್ರಕ್ಕೆ ಮೇರೆಯುಂಟು, ನಿಜ. ಆದರೆ ಬೇಸಿಗೆಗೊಂದು, ಮಳೆಗಾಲಕ್ಕೊಂದು ಮೇರೆ. ಬೇಸಿಗೆಯ ಮೇರೆಯನ್ನಷ್ಟೇ ಕಂಡ ನಾವು ಅದರ ಅಂಚಿಗೇ ನಮ್ಮ ರಸ್ತೆಯನ್ನೂ ತೋಟವನ್ನೂ ತಂದು ನಿಲ್ಲಿಸುತ್ತೇವೆ. ಕಡಲು ತನ್ನ ಮಳೆಗಾಲದ ಮನೆಗೆ ಬಂದಾಗ ಮೇರೆ ಮೀರಿತು ಎನ್ನುತ್ತೇವೆ. ಅಂದು ಮೇರೆ ಮೀರಿದವನು ನಾನು.

ಆ ಸಂಜೆಯೇ ಮಗಳಿಗೆ ಫೋನು ಮಾಡಿದೆ. ಮೊಣಕೈಯ ಗಾಯಕ್ಕೆ ಜಾರಿ ಬಿದ್ದನೆಂದು ಹೇಳಿ ಮುಗಿಸಬಹುದಾಗಿತ್ತು. ಹುಡುಗನೂ ಹಾಗೆ ಹೇಳಲು ಸಿದ್ಧನಿದ್ದನು. ಆದರೆ ಒಂದೇ ದಿನದಲ್ಲಿ ಅವನಿಗೆ ಎರಡು ಕೆಟ್ಟ ಪಾಠಗಳನ್ನು ಕಲಿಸಲು ನನಗೆ ಮನಸ್ಸಾಗಲಿಲ್ಲ. ಅವನ ಎದುರಿನಲ್ಲಿಯೇ ನಡೆದುದನ್ನೆಲ್ಲ ಹೇಳಿದೆ. ಮಗಳು ಬಹಳ ಹೊತ್ತು ಮಾತನಾಡಲಿಲ್ಲ. ಆ ಮೌನವನ್ನು ಕೇಳಿಸಿಕೊಳ್ಳುವುದು ಕಡಲಿನ ಮೊರೆತವನ್ನು ಕೇಳುವುದಕ್ಕಿಂತ ಕಷ್ಟವಾಗಿತ್ತು.

ಜುಲೈ 28, ಗುರುವಾರ, ಅಮಾವಾಸ್ಯೆ. ನಮ್ಮ ಸೀಮೆಯಲ್ಲಿ ಭೀಮನ ಅಮಾವಾಸ್ಯೆಯ ಹಬ್ಬ. ಮರವಂತೆಯಲ್ಲಿ ಕರ್ಕಾಟಕ ಅಮಾವಾಸ್ಯೆಯ ಜಾತ್ರೆ. ಹೊಸದಾಗಿ ಮದುವೆಯಾದವರು, ಬೇಸಾಯಗಾರರು, ಮೀನುಗಾರರು ಸಾಲುಸಾಲಾಗಿ ಬರುತ್ತಿದ್ದರು. ಸಮುದ್ರದಲ್ಲಿ ಮಿಂದು, ಸೌಪರ್ಣಿಕೆಯಲ್ಲಿ ಮಿಂದು, ಹೊಳೆಯ ದಡದಲ್ಲಿರುವ ವರಾಹಸ್ವಾಮಿಯ ದರ್ಶನ ಮಾಡುವುದು ಅಲ್ಲಿನ ಪದ್ಧತಿ. ಆ ಜನ ಕಡಲಿನ ಬಳಿ ನಡೆದುಕೊಂಡ ರೀತಿಯನ್ನು ನಾನು ಕಣ್ಣಿಟ್ಟು ನೋಡಿದೆ. ಹಿರಿಯರು ತೋರಿಸಿದ ಜಾಗದಲ್ಲಿಯೇ ಇಳಿದರು. ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಅಲೆಯ ತುದಿಯ ನೀರನ್ನು ಬೊಗಸೆಯಲ್ಲಿ ತೆಗೆದು ತಲೆಗೆ ಹಾಕಿಕೊಂಡು, ಕಡಲಿಗೆ ಬೆನ್ನು ತೋರಿಸದೆ ಹಿಂದಕ್ಕೆ ಬಂದರು. ನಾನೂ ಮೊಮ್ಮಗನೂ ರಸ್ತೆಯ ಮೇಲೆ ನಿಂತು ಕೈ ಮುಗಿದೆವು. ಮುಟ್ಟದೆಯೂ ಕಡಲನ್ನು ಕಾಣಬಹುದೆಂಬುದು ಆಗ ತಿಳಿಯಿತು.

ಮರುವರ್ಷದ ಜನವರಿಯಲ್ಲಿ ನಾವಿಬ್ಬರೂ ಮತ್ತೆ ಮರವಂತೆಗೆ ಹೋದೆವು. ಮಗಳೂ ಜೊತೆಗೆ ಬಂದಿದ್ದಳು. ಬಂಡೆಗಳ ಕೆಳಗೆ ಮರಳ ದಂಡೆ ಅಗಲವಾಗಿ ಹಾಸಿಕೊಂಡಿತ್ತು. ನೀಲಿಯ ಕಡಲು ಹಸುಗೂಸಿನಂತೆ ಉಸಿರಾಡುತ್ತಿತ್ತು. ಎಲ್ಲೆಲ್ಲಿಯೂ ಪ್ರವಾಸಿಗರು. ಬಸ್ಸಿನಿಂದ ಇಳಿದವನೇ ಹುಡುಗನು ನೀರಿನ ಕಡೆಗೆ ಓಡಬಹುದೆಂದು ನಾನು ಅವನ ಕೈ ಹಿಡಿಯಲು ಹೋದೆ. ಅವನು ಓಡಲಿಲ್ಲ. ನೇರವಾಗಿ ಬಲೆಯ ಚಪ್ಪರಕ್ಕೆ ನಡೆದು, ಆ ಹಿರಿಯರ ಮುಂದೆ ನಿಂತು ಕೇಳಿದನು:

“ಅಜ್ಜಾ, ಇವತ್ತು ಇಳಿಯಬಹುದೆ?”